ಗುಲಾಬಿ ತಲೆಯ ಬಾತು
(ವಾಚನಾಲಯದ ಸದಸ್ಯರ ಕೂಟದಲ್ಲಿ ಮಾಡಿದ ಭಾಷಣ)



ಪಾಳಿ ಮುಗಿಸಿ, ಆಫೀಸು ಮುಗಿಸಿ, ಲೋಕಲ್ ಗಾಡಿಯಲ್ಲಿ ನಿಂತೇ ಬಂದಿದ್ದೀರಿ. ಈ ದಣಿವಿನಲ್ಲಿ ಬಾತಿನ ಮಾತೇಕೆ ಎಂದು ತಾವು ಕೇಳಬಹುದು. ಕಾರಣವುಂಟು.

ನಮ್ಮ ದೇಶದಲ್ಲಿ ಗುಲಾಬಿ ತಲೆಯ ಬಾತು ಎಂಬ ಹಕ್ಕಿಯಿತ್ತು. ಗಂಡಿನ ಮೈ ಕಪ್ಪುಗಂದು. ತಲೆ, ಕತ್ತು ಮಾತ್ರ ಅಚ್ಚ ಗುಲಾಬಿ. ಬಿಹಾರ, ಬಂಗಾಳ, ಅಸ್ಸಾಮುಗಳ ತಗ್ಗುಭೂಮಿ ಇದರ ತವರು. ಆಳೆತ್ತರದ ಹುಲ್ಲಿನ ನಡುವೆ ನಿಂತ ನೀರೇ ಇದರ ಮನೆ. ಬಲು ನಾಚಿಕೆಯ ಹಕ್ಕಿ. ಮಳೆಗಾಲ ಹಿಡಿಯುವಾಗ ಹುಲ್ಲಿನ ಮರೆಯಲ್ಲಿ ಗೂಡು ಕಟ್ಟುತ್ತಿತ್ತು. ಇದರ ಮೊಟ್ಟೆ ಇತರ ಬಾತುಗಳದರಂತೆ ನೀಳವಲ್ಲ, ಚೆಂಡಿನಂತೆ ದುಂಡಗೆ.

1935ರಲ್ಲಿ ಬಿಹಾರದ ದರ್ಭಂಗದಲ್ಲಿ ಇಂಗ್ಲಿಸ್ ಎಂಬವರು ಒಂದನ್ನು ಹೊಡೆದರು. ಕಾಡಿನಲ್ಲಿ ಸಂದೇಹಕ್ಕೆಡೆಯಿಲ್ಲದಂತೆ ಕಂಡ ಕಡೆಯ ಹಕ್ಕಿಗಳಲ್ಲಿ ಅದೂ ಒಂದು. ನಮ್ಮ ಮುಂಬಯಿಯವರೇ ಆದ ಸಾಲಿಂ ಅಲಿ 1960ರಲ್ಲಿ ಇದರ ಕುರಿತು ಲೇಖನ ಬರೆದರು. ಆಮೇಲೆ ಬರ್ಮಾದವರೆಗೂ ಹೋಗಿ ಹುಡುಕಿದವರಿದ್ದಾರೆ, ಹಕ್ಕಿ ಸಿಕ್ಕಲಿಲ್ಲ. ಈಗ ಉಳಿದಿರುವುದು ಸಂಗ್ರಹಾಲಯಗಳಲ್ಲಿಟ್ಟ ತೊಗಲು ಮಾತ್ರ.

ಬಂದೂಕೊಂದೇ ಇದಕ್ಕೆ ಕಾರಣವಲ್ಲ. ಹುಲ್ಲು ಕಡಿದು, ನೀರು ಬಸಿದು, ಜೌಗನ್ನು ಹೊಲ ಮಾಡಿದರು. ಉಣ್ಣುವವರಿಗೆ ಹೊಲ ಬೇಕು, ನಿಜ. ಆದರೆ ಮನೆಯೇ ಹೋದಮೇಲೆ ಸಂಸಾರವೆಲ್ಲಿ? ಚಾಳಿನ ಒಂದು ಖೋಲಿಗಾಗಿ ಪಗಡಿ ಕೊಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ನಮ್ಮ ನಗರದ ಮಾತು. ಥಾಣೆಯ ಖಾಡಿಗೆ ಚಳಿಗಾಲದಲ್ಲಿ ಗುಲಾಬಿ ಬಣ್ಣದ ರಾಜಹಂಸಗಳು ಸಾವಿರಾರು ಬರುತ್ತವೆ. ಫ್ಲೆಮಿಂಗೊ ಎಂದು ಪತ್ರಿಕೆಗಳು ಬರೆಯುವುದು ಇವನ್ನೇ. ಇವು ಬಾತಿನ ಕುಲವಲ್ಲ. ಆದರೆ ಇವಕ್ಕೂ ಜೌಗೇ ಜೀವ. ಆ ಕೆಸರುನೀರಿನ ಪಾಚಿಯನ್ನು ಸೋಸಿ ತಿನ್ನುತ್ತವೆ. ಮೈಗೆ ಬಣ್ಣ ಬರುವುದೂ ಆ ಆಹಾರದಿಂದಲೇ. 2015ರಲ್ಲಿ ಖಾಡಿಯ ಒಂದು ಭಾಗ ಅಭಯಾರಣ್ಯವಾಯಿತು. 2022ರಲ್ಲಿ ಜೌಗುನೆಲಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಗಾಡಿಯ ಕಿಟಕಿಯಿಂದ ನೋಡಿ ನಾವು ಮೂಗು ಮುಚ್ಚಿಕೊಳ್ಳುವ ಕೆಸರಿಗೆ ಇಷ್ಟು ಬೆಲೆಯುಂಟು!

ಆದಕಾರಣ ನಮ್ಮ ಅರಿಕೆ ಎರಡೇ. ಈ ಚಳಿಗಾಲದ ಒಂದು ಭಾನುವಾರ ಮಕ್ಕಳನ್ನು ಐರೋಳಿಯ ಕಡೆ ಕರೆದೊಯ್ದು ಆ ಹಕ್ಕಿಗಳನ್ನು ತೋರಿಸಿರಿ. ರಜೆಯಲ್ಲಿ ಊರಿಗೆ ಹೋದಾಗ ಕೆರೆಯ ದಂಡೆಗೊಮ್ಮೆ ನಡೆದುಹೋಗಿರಿ. ಅಂಗಳದ ಜೌಗು, ಆಪಿನ ಹುಲ್ಲು ಇನ್ನೂ ಇದೆಯೆ, ಯಾರಾದರೂ ಮಣ್ಣು ತುಂಬುತ್ತಿದ್ದಾರೆಯೆ ಎಂದು ನೋಡಿರಿ. ತುಂಬುತ್ತಿದ್ದರೆ ಪಂಚಾಯತಿಯಲ್ಲಿ ಕೇಳಿರಿ. ಹಕ್ಕಿ ಹೋದಮೇಲೆ ಬರೆಯುವ ಲೇಖನಕ್ಕಿಂತ, ಇರುವಾಗ ಕೇಳುವ ಒಂದು ಮಾತು ಮೇಲು.