ಹುಲ್ಲಿನಡಿಯ ನೀರಿನ ಉಗ್ರಾಣ

(ಯುವಜನರ ಪರಿಸರ ಶಿಬಿರದಲ್ಲಿ ನೀಡಿದ ಭಾಷಣ)



ನೀಲಗಿರಿ ಅಂದ ಕೂಡಲೇ ನಮಗೆ ನೆನಪಾಗುವುದು ಊಟಿ, ಇಲ್ಲವೇ ಎಣ್ಣೆ ಕೊಡುವ ನೀಲಗಿರಿ ಮರ. ಆದರೆ ಆ ಮರ ಅಲ್ಲಿಯದಲ್ಲ, ಆಸ್ಟ್ರೇಲಿಯಾದ್ದು. ಆ ಬೆಟ್ಟಗಳ ನಿಜವಾದ ಸಂಪತ್ತು ಇರೋದು ಹುಲ್ಲಿನ ಕೆಳಗೆ. ತಮಿಳುನಾಡಿನ ಮುಕುರ್ತಿ ರಾಷ್ಟ್ರೀಯ ಉದ್ಯಾನಕ್ಕೆ ಅರಣ್ಯ ಇಲಾಖೆಯ ಅನುಮತಿ ಪಡೆದು ಹೋಗಿ ನಾವು ಅದನ್ನು ಕಂಡು ಬಂದೆವು.

ಗುಡ್ಡಗಳ ನಡುವಿನ ತಗ್ಗಿನಲ್ಲಿ ಜೌಗು ನೆಲವಿದೆ. ಅಲ್ಲಿ ಚಳಿ ಹೆಚ್ಚು, ನೀರು ನಿಂತಿರುವುದರಿಂದ ಮಣ್ಣಿನೊಳಗೆ ಗಾಳಿಯಾಡುವುದಿಲ್ಲ. ಹಾಗಾಗಿ ಸತ್ತ ಹುಲ್ಲು ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂಡಿ ಕಪ್ಪು ಮಣ್ಣಾಗುತ್ತದೆ. ಇದೇ ಪೀಟ್. ಮಳೆಗಾಲದ ನೀರನ್ನು ಸ್ಪಂಜಿನ ಹಾಗೆ ಹೀರಿಕೊಂಡು, ಬೇಸಿಗೆಯಲ್ಲಿ ತೊರೆಗಳಿಗೆ ನಿಧಾನವಾಗಿ ಬಿಟ್ಟುಕೊಡುತ್ತದೆ. ಮುಕುರ್ತಿ ಶಿಖರದ ಬಳಿ ಹುಟ್ಟುವ ಪೈಕಾರ ನದಿಯೇ ಮುಂದೆ ಮೋಯಾರ್ ಆಗಿ ನಮ್ಮ ಬಂಡೀಪುರದ ಅಂಚಿನಲ್ಲಿ ಹರಿಯುತ್ತದೆ. ಅಲ್ಲಿನ ಆನೆ, ಜಿಂಕೆಗಳಿಗೂ ಇದೇ ನೀರು.

ಬೆಟ್ಟದ ಹುಲ್ಲನ್ನೇ ನಂಬಿ ನೀಲಗಿರಿ ತಾರ್ ಎಂಬ ಕಾಡು ಆಡು ಬದುಕುತ್ತದೆ. ಒದ್ದೆ ಹುಲ್ಲಿನಲ್ಲಿ ನೀಲಗಿರಿ ಪಿಪಿಟ್ ಎಂಬ ಪುಟ್ಟ ಹಕ್ಕಿಯಿದೆ, ಅಂಟು ಹನಿಗಳಿಂದ ಹುಳ ಹಿಡಿಯುವ ಡ್ರೊಸೆರಾ ಗಿಡವಿದೆ. ತೋಡರ ಎಮ್ಮೆಗಳು ತಲೆಮಾರುಗಳಿಂದ ಈ ಬೆಟ್ಟಗಳಲ್ಲಿ ಮೇಯುತ್ತಾ ಬಂದಿವೆ.

'ಮರವಿಲ್ಲದ ಬೋಳು ಜಾಗ, ಗಿಡ ನೆಟ್ಟರಾಯ್ತು' ಅಂತ ಅನಿಸುವುದು ಸಹಜ. ಬ್ರಿಟಿಷರ ಕಾಲದಿಂದ ಅಲ್ಲಿ ಹಾಗೇ ಆಯಿತು. ಆಸ್ಟ್ರೇಲಿಯಾದಿಂದ ತಂದ ನೀಲಗಿರಿ, ವ್ಯಾಟಲ್ ಮರಗಳನ್ನು ಹುಲ್ಲುಗಾವಲಿನಲ್ಲಿ ನೆಟ್ಟರು. ವ್ಯಾಟಲ್ ತಾನಾಗಿಯೇ ಹಬ್ಬಿ ಹುಲ್ಲನ್ನು ನುಂಗಿತು. ಆದರೆ ಆ ಹುಲ್ಲು ಇಂದು ನಿನ್ನೆಯದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು ಇಲ್ಲಿನ ಪೀಟ್ ಪರೀಕ್ಷಿಸಿ, ಸುಮಾರು 20,000 ವರ್ಷಗಳ ಹವಾಮಾನದ ಕಥೆಯನ್ನು 1993ರಲ್ಲಿ ಪ್ರಕಟಿಸಿದರು. ಅಷ್ಟು ಹಿಂದೆಯೂ ಅಲ್ಲಿ ಹುಲ್ಲು ಬೆಳೆಯುತ್ತಿತ್ತು.

ಪೀಟ್ ಒಣಗಿದರೆ ಅದರೊಳಗಿನ ಇಂಗಾಲ ಗಾಳಿ ಸೇರುತ್ತದೆ, ನೀರಿನ ಉಗ್ರಾಣವೂ ಬರಿದಾಗುತ್ತದೆ. ಸಾವಿರಾರು ವರ್ಷ ಕೂಡಿದ್ದನ್ನು ನಾವು ಮತ್ತೆ ತಯಾರಿಸಲಾರೆವು.

ಆದ್ದರಿಂದ ಬಂಧುಗಳೇ, ಇಂಥ ಕಡೆ ಹೋದಾಗ ದಾರಿ ಬಿಟ್ಟು ಜೌಗಿಗೆ ಇಳಿಯದಿರೋಣ. ಬೆಂಕಿ ಹಾಕುವುದು, ಪ್ಲಾಸ್ಟಿಕ್ ಎಸೆಯುವುದು ಬೇಡವೇ ಬೇಡ. ವನಮಹೋತ್ಸವಕ್ಕೆ ಸಸಿ ಹಿಡಿದು ಹೊರಡುವ ಮುನ್ನ, ಆ ನೆಲ ಮರದ್ದೋ ಹುಲ್ಲಿನದ್ದೋ ಅಂತ ಊರಿನ ಹಿರಿಯರನ್ನು, ದನ ಮೇಯಿಸುವವರನ್ನು ಒಮ್ಮೆ ಕೇಳೋಣ. ಹುಲ್ಲಿನ ನೆಲವನ್ನು ಹುಲ್ಲಿಗೇ ಬಿಡುವುದೂ ಪರಿಸರ ಸೇವೆಯೇ.