ರಾಕೆಟ್ಟನ್ನು ಕಕ್ಷೆಗೆ ಸೇರಿಸುವ ಆಟ



ದೀಪಾವಳಿಯ ರಾತ್ರಿ ಬಾಟಲಿಯಲ್ಲಿ ನಿಲ್ಲಿಸಿ ಹಚ್ಚಿದ ರಾಕೆಟ್ಟು ಸುಯ್ಯೆಂದು ಮೇಲೇರಿ, ತೆಂಗಿನ ಮರದ ತುದಿಯನ್ನೂ ದಾಟಿ, ಒಂದು ಕ್ಷಣ ನಿಂತಂತೆ ಕಂಡು, ಮತ್ತೆ ಕೆಳಗೆ ಬೀಳುವುದನ್ನು ನೀವೆಲ್ಲ ನೋಡಿದ್ದೀರಿ. ಈಗ ಒಂದು ಪ್ರಶ್ನೆ. ಇಂಥದೇ ಒಂದು ರಾಕೆಟ್ಟು ಇನ್ನೂರು ಕಿಲೋಮೀಟರು ನೆಟ್ಟಗೆ ಮೇಲೇರಿದರೆ ಏನಾಗುತ್ತದೆ? ಗಾಳಿಯಿಲ್ಲದ ಆ ಎತ್ತರದಲ್ಲಿ ಅದು ತೇಲುತ್ತ ಉಳಿದೀತೆ? ಉಳಿಯುತ್ತದೆ ಎನ್ನುವವರು ಕಾಲೇಜಿನಲ್ಲೂ ಕಡಿಮೆಯಿಲ್ಲ. ‘ಅಲ್ಲಿ ಗುರುತ್ವ ಇಲ್ಲವಲ್ಲ’ ಎಂದು ಕಾರಣವನ್ನೂ ಕೊಡುತ್ತಾರೆ. ವಾಸ್ತವವಾಗಿ ಇನ್ನೂರು ಕಿಲೋಮೀಟರು ಮೇಲೆ ಹೋದರೆ ಭೂಮಿಯ ಸೆಳೆತ ಕಡಿಮೆಯಾಗುವುದು ನೂರಕ್ಕೆ ಆರು ಪಾಲು ಮಾತ್ರ. ಆ ರಾಕೆಟ್ಟೂ ದೀಪಾವಳಿಯ ರಾಕೆಟ್ಟಿನ ಹಾಗೆಯೇ ಬೀಳುತ್ತದೆ.

ಇದನ್ನು ಕರಿಹಲಗೆಯ ಮೇಲೆ ಬರೆದು ವಿವರಿಸಬಹುದು. ಆದರೆ ಕೈಯಾರೆ ಕಟ್ಟಿ, ಕೆಡಿಸಿ, ಮತ್ತೆ ಕಟ್ಟಿ ಅರಿಯುವುದಕ್ಕೆ ಒಂದು ಕಂಪ್ಯೂಟರ್ ಆಟವೇ ಇದೆ. ಹೆಸರು ಕರ್ಬಲ್ ಸ್ಪೇಸ್ ಪ್ರೋಗ್ರಾಂ. ಮೆಕ್ಸಿಕೋ ನಗರದ ಸ್ಕ್ವಾಡ್ ಎಂಬ ಸಂಸ್ಥೆಯಲ್ಲಿ ಫೆಲಿಪೆ ಫಲಾಂಗೆ ಅವರ ಮುಂದಾಳುತನದಲ್ಲಿ ಇದು ರೂಪುಗೊಂಡಿತು. 2011ರಲ್ಲಿ ಮೊದಲ ರೂಪ ಹೊರಬಂದು, 2015ರಲ್ಲಿ ಪೂರ್ಣರೂಪ ಸಿದ್ಧವಾಯಿತು. ಇಲ್ಲಿ ಶತ್ರುಗಳಿಲ್ಲ, ಗುಂಡಿನ ಕಾಳಗವಿಲ್ಲ. ಕರ್ಬಿನ್ ಎಂಬ ಪುಟ್ಟ ಗ್ರಹದಲ್ಲಿ ಹಸಿರು ಮೈಯ ಕುಳ್ಳರು ಇದ್ದಾರೆ. ಅವರಿಗೆ ರಾಕೆಟ್ಟು ಕಟ್ಟಿಕೊಡುವುದು ನಿಮ್ಮ ಕೆಲಸ. ಮೇಲೊಂದು ಕೋಶ, ಅದರ ನೆತ್ತಿಗೆ ಪ್ಯಾರಾಚೂಟು, ಕೆಳಗೆ ಇಂಧನದ ತೊಟ್ಟಿ, ಅದರಡಿಗೆ ಎಂಜಿನು, ಹಂತಗಳ ನಡುವೆ ಕಳಚುವ ಬಳೆ. ಹೀಗೆ ಒಂದೊಂದೇ ಬಿಡಿಭಾಗವನ್ನು ಆರಿಸಿ ಜೋಡಿಸಿ, ಹಾರಿಸಿ, ಫಲ ಅನುಭವಿಸಬೇಕು.

ಹೊಸಬರೆಲ್ಲರ ಫಲ ಹೆಚ್ಚುಕಡಿಮೆ ಒಂದೇ. ಮೊದಲನೆಯದು ಕಂಬದ ಮೇಲೆಯೇ ಸಿಡಿಯುತ್ತದೆ. ಎರಡನೆಯದು ವಾಲಿ ಸಮುದ್ರಕ್ಕೆ ಬೀಳುತ್ತದೆ. ನಾಲ್ಕನೆಯದೋ ಐದನೆಯದೋ ನೆಟ್ಟಗೆ ಏರಿ, ಕರ್ಬಿನ್ನಿನ ವಾಯುಮಂಡಲ ಮುಗಿಯುವ 70 ಕಿಲೋಮೀಟರನ್ನು ದಾಟುತ್ತದೆ. ಆಕಾಶ ಕಪ್ಪಾಗುತ್ತದೆ, ಗೆದ್ದೆವೆಂದು ಸಂಭ್ರಮಿಸುತ್ತೇವೆ. ಎಂಜಿನು ಆರುತ್ತದೆ. ಎತ್ತರ ತೋರಿಸುವ ಅಂಕಿ ನಿಧಾನವಾಗಿ, ಇನ್ನೂ ನಿಧಾನವಾಗಿ ಏರಿ, ನಿಂತು, ಇಳಿಯತೊಡಗುತ್ತದೆ. ಪಾಠ ಶುರುವಾಗುವುದು ಅಲ್ಲಿಂದ.

ನ್ಯೂಟನ್ ಮಹಾಶಯ ಇದನ್ನು ಒಂದು ಕಲ್ಪನೆಯ ಮೂಲಕ ಬಿಡಿಸಿದ್ದ. ಬಹಳ ಎತ್ತರದ ಬೆಟ್ಟದ ತುದಿಯಿಂದ ಫಿರಂಗಿಯ ಗುಂಡನ್ನು ಅಡ್ಡಲಾಗಿ ಹಾರಿಸಿ. ಮೆಲ್ಲಗೆ ಹೊಡೆದರೆ ಬುಡದಲ್ಲೇ ಬೀಳುತ್ತದೆ, ಜೋರಾಗಿ ಹೊಡೆದರೆ ದೂರದಲ್ಲಿ. ಬಿಟ್ಟ ವಸ್ತು ಮೊದಲ ಒಂದು ಸೆಕೆಂಡಿನಲ್ಲಿ 4.9 ಮೀಟರು ಬೀಳುತ್ತದೆ. ಇದು ನಿಮಗೆ ಗೊತ್ತು. ಭೂಮಿ ಗುಂಡಗಿರುವುದರಿಂದ, ಸುಮಾರು 7.9 ಕಿಲೋಮೀಟರು ಮುಂದೆ ಹೋಗುವಷ್ಟರಲ್ಲಿ ನೆಲವೂ 4.9 ಮೀಟರು ಕೆಳಗೆ ಬಾಗಿರುತ್ತದೆ. ಅಂದರೆ ಸೆಕೆಂಡಿಗೆ 7.9 ಕಿಲೋಮೀಟರು ಅಡ್ಡವೇಗವಿದ್ದ ಗುಂಡು ಬೀಳುತ್ತಲೇ ಇರುತ್ತದೆ, ಆದರೆ ನೆಲ ಅದಕ್ಕೆ ಸಿಗುವುದೇ ಇಲ್ಲ. ಕಕ್ಷೆ ಎಂದರೆ ಇಷ್ಟೆ. ಉಪಗ್ರಹ ತೇಲುತ್ತಿಲ್ಲ, ನೆಲ ತಪ್ಪಿಸಿಕೊಂಡು ಬೀಳುತ್ತಿದೆ.

ಆದ್ದರಿಂದ ಆಟದಲ್ಲಿ ರಾಕೆಟ್ಟನ್ನು ಹಾರಿಸಿದ ಸ್ವಲ್ಪ ಹೊತ್ತಿಗೇ ಪೂರ್ವದ ಕಡೆಗೆ ಬಗ್ಗಿಸಲು ಆರಂಭಿಸಬೇಕು. ಪೂರ್ವವೇ ಏಕೆ? ಗ್ರಹ ತಿರುಗುವುದು ಆ ಕಡೆಗೆ. ಅದರ ವೇಗ ಪುಕ್ಕಟೆಯಾಗಿ ಸಿಗುತ್ತದೆ. ಶ್ರೀಹರಿಕೋಟದ ನೆಲವೇ ಸೆಕೆಂಡಿಗೆ ಸುಮಾರು 450 ಮೀಟರಿನಷ್ಟು ಪೂರ್ವಕ್ಕೆ ಧಾವಿಸುತ್ತಿದೆ. ಮುಂದೆ ಬಂಗಾಳ ಕೊಲ್ಲಿ ಇರುವುದರಿಂದ ಕಳಚಿದ ಹಂತಗಳು ಯಾರ ಮನೆಯ ಮೇಲೂ ಬೀಳುವುದಿಲ್ಲ. ಎತ್ತರಕ್ಕೆ ಬೇಕಾಗುವ ಶಕ್ತಿ ಎಷ್ಟು, ಅಡ್ಡವೇಗಕ್ಕೆ ಬೇಕಾಗುವುದೆಷ್ಟು ಎಂದು ಲೆಕ್ಕ ಹಾಕಿ ನೋಡಿ. ಭೂಮಿಯಿಂದ 356 ಕಿಲೋಮೀಟರು ಎತ್ತರಕ್ಕೆ ಒಂದು ಕಿಲೋಗ್ರಾಂ ವಸ್ತುವನ್ನು ಎತ್ತುವುದಕ್ಕೆ ತಗಲುವ ಶಕ್ತಿಗಿಂತ, ಅಲ್ಲಿ ಅದಕ್ಕೆ ಕಕ್ಷಾವೇಗ ಕೊಡುವುದಕ್ಕೆ ಸುಮಾರು ಒಂಬತ್ತು ಪಟ್ಟು ಶಕ್ತಿ ಬೇಕು. ರಾಕೆಟ್ಟಿನ ದೊಡ್ಡ ಖರ್ಚು ಏರುವುದರಲ್ಲಿ ಇಲ್ಲ, ಓಡುವುದರಲ್ಲಿದೆ.

ಈ 356 ಕಿಲೋಮೀಟರನ್ನು ಸುಮ್ಮನೆ ಆರಿಸಿಕೊಂಡದ್ದಲ್ಲ. 2022ರ ಆಗಸ್ಟ್ 7ರಂದು ನಮ್ಮ ಇಸ್ರೋ ಸಂಸ್ಥೆ ಎಸ್‌ಎಸ್‌ಎಲ್‌ವಿ ಎಂಬ ಹೊಸ ಪುಟ್ಟ ರಾಕೆಟ್ಟನ್ನು ಮೊದಲ ಸಲ ಹಾರಿಸಿತು. ಗುರಿ, 356 ಕಿಲೋಮೀಟರಿನ ವೃತ್ತಾಕಾರದ ಕಕ್ಷೆ. ಅದರ ತುದಿಯಲ್ಲಿದ್ದ ಎರಡು ಉಪಗ್ರಹಗಳಲ್ಲಿ ಆಜಾದಿಸ್ಯಾಟ್ ಎಂಬ ಎಂಟು ಕಿಲೋಗ್ರಾಮಿನದೂ ಒಂದು. ಅದರೊಳಗಿನ ಉಪಕರಣಗಳನ್ನು ಜೋಡಿಸಿದವರು ದೇಶದ ನಾನಾ ಕಡೆಯ ಶಾಲೆಗಳ 750 ವಿದ್ಯಾರ್ಥಿನಿಯರು, ನಿಮ್ಮದೇ ವಯಸ್ಸಿನವರು. ಘನ ಇಂಧನದ ಮೂರು ಹಂತಗಳೂ ಸರಿಯಾಗಿಯೇ ಉರಿದವು. ಆದರೆ ಎರಡನೆಯ ಹಂತ ಕಳಚುವಾಗ ಹುಟ್ಟಿದ ಕ್ಷಣಕಾಲದ ಕಂಪನದಿಂದ, ವೇಗೋತ್ಕರ್ಷ ಅಳೆಯುವ ಸಂವೇದಕಗಳು ಕೆಟ್ಟಿವೆಯೆಂದು ರಾಕೆಟ್ಟಿನ ಗಣಕ ತೀರ್ಮಾನಿಸಿ, ಬೇರೊಂದು ತುರ್ತು ದಾರಿ ಹಿಡಿಯಿತು. ವೇಗವನ್ನು ಕೊನೆಯಲ್ಲಿ ತಿದ್ದಬೇಕಾಗಿದ್ದ ದ್ರವ ಇಂಧನದ ಘಟಕ ತನ್ನ ಕೆಲಸ ಮಾಡಲಿಲ್ಲ. ಎತ್ತರವೇನೋ ದೊರಕಿತು. ವೇಗದಲ್ಲಿ ಮಾತ್ರ ಸೆಕೆಂಡಿಗೆ ನೂರು ಮೀಟರಿಗೂ ಕಡಿಮೆ ಕೊರತೆ ಬಿತ್ತು. ಬೇಕಾದದ್ದು ಸುಮಾರು 7,700 ಮೀಟರು. ನೂರಕ್ಕೆ ಸುಮಾರು ಒಂದು ಪಾಲು! ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತೆಂಟು ಬಂದರೆ ಮನೆಯವರು ಸಿಹಿ ಹಂಚುತ್ತಾರೆ. ಇಲ್ಲಿ ಅಷ್ಟು ಸಾಲಲಿಲ್ಲ. ಕಕ್ಷೆ ಮೊಟ್ಟೆಯಾಕಾರವಾಗಿ, ಅದರ ಭೂಸಮೀಪ ಬಿಂದು 76 ಕಿಲೋಮೀಟರಿಗೆ ಇಳಿಯಿತು. ಅಲ್ಲಿ ಗಾಳಿ ಇದೆ. ಉಪಗ್ರಹಗಳು ಉಳಿಯಲಿಲ್ಲ. 2023ರ ಫೆಬ್ರುವರಿ 10ರಂದು ಎರಡನೆಯ ಎಸ್‌ಎಸ್‌ಎಲ್‌ವಿ ತನ್ನ ಗುರಿ ಮುಟ್ಟಿದಾಗ, ಅದರಲ್ಲಿ ಆಜಾದಿಸ್ಯಾಟ್-2 ಇತ್ತು.

ಆಟದಲ್ಲಿ ಈ ಅನುಭವ ದಿನಕ್ಕೆ ಹತ್ತು ಸಲ ಆಗುತ್ತದೆ. ನಕ್ಷೆಯ ಪರದೆಯಲ್ಲಿ ನಿಮ್ಮ ಹಾದಿ ನೀಲಿ ಗೆರೆಯಾಗಿ ಕಾಣುತ್ತದೆ. ಕೊನೆಯ ತೊಟ್ಟಿ ಬರಿದಾದಾಗ ಆ ಗೆರೆಯ ತಗ್ಗಿನ ತುದಿ ಎಪ್ಪತ್ತರ ಬದಲು ಅರವತ್ತೆಂಟಕ್ಕೆ ನಿಂತಿರುತ್ತದೆ. ಆಗ, ಇನ್ನೊಂದು ತೊಟ್ಟಿ ಹಾಕಿದ್ದರೆ ಸಾಕಿತ್ತು ಎಂದೆನಿಸುತ್ತದೆ. ಹಾಕಿದರೆ ಸಾಕಾಗುತ್ತದೆಯೆ?

ಕಾಲುನಡಿಗೆಯ ಯಾತ್ರೆಗೆ ಹೊರಟವನು ದಾರಿಯ ಬುತ್ತಿಯನ್ನು ಹೊರಬೇಕು. ಯಾತ್ರೆ ದೂರದ್ದಾದರೆ ಬುತ್ತಿ ಭಾರವಾಗುತ್ತದೆ. ಆ ಭಾರ ಹೊರುವ ಶಕ್ತಿಗೂ ಮತ್ತಷ್ಟು ಬುತ್ತಿ ಬೇಕಾಗುತ್ತದೆ. ರಾಕೆಟ್ಟಿನ ಕಷ್ಟವೂ ಇದೇ. ಇದನ್ನು ಸೂತ್ರಕ್ಕಿಳಿಸಿ 1903ರಲ್ಲಿ ಪ್ರಕಟಿಸಿದವನು ರಷ್ಯದ ಕಲೂಗ ಎಂಬ ಊರಿನ ಶಾಲಾ ಮೇಷ್ಟರು, ಬಾಲ್ಯದಲ್ಲೇ ಕಿವಿ ಮಂದವಾಗಿದ್ದ ಕಾನ್‌ಸ್ಟಾಂಟಿನ್ ತ್ಸಿಯಾಲ್ಕೊವ್‌ಸ್ಕಿ. ರಾಕೆಟ್ಟು ಗಳಿಸುವ ವೇಗ ಎಷ್ಟೆಂದರೆ, ಹಿಂದಕ್ಕೆ ಚಿಮ್ಮುವ ಅನಿಲದ ವೇಗವನ್ನು, ತುಂಬಿದ ಭಾರಕ್ಕೂ ಬರಿದಾದ ಭಾರಕ್ಕೂ ಇರುವ ಅನುಪಾತದ ಸ್ವಾಭಾವಿಕ ಲಘುಗಣಕದಿಂದ ಗುಣಿಸಿದಷ್ಟು.

ಆಟದ ಬಿಡಿಭಾಗಗಳಿಂದಲೇ ಲೆಕ್ಕ ಮಾಡೋಣ. ಕೋಶ ಮತ್ತು ಪ್ಯಾರಾಚೂಟು ಸೇರಿ ಸುಮಾರು ಒಂದು ಟನ್. ಎಂಜಿನು ಅರ್ಧ ಟನ್. ಇದು ನಿರ್ವಾತಕ್ಕೆಂದೇ ಇರುವ ಚಿಕ್ಕ ಎಂಜಿನು, ಅನಿಲ ಸೆಕೆಂಡಿಗೆ ಸುಮಾರು 3,380 ಮೀಟರು ವೇಗದಲ್ಲಿ ಚಿಮ್ಮುತ್ತದೆ. ತೊಟ್ಟಿಯ ತೂಕ ತುಂಬಿದಾಗ ಎರಡೂಕಾಲು ಟನ್, ಬರಿದಾದಾಗ ಕಾಲು ಟನ್. ಒಂದು ತೊಟ್ಟಿ ಹಾಕಿದರೆ 3.75 ಟನ್ನಿನ ರಾಕೆಟ್ಟು 1.75 ಟನ್ನಿಗೆ ಇಳಿಯುತ್ತದೆ. ಗಳಿಕೆ ಸೆಕೆಂಡಿಗೆ ಸುಮಾರು 2,580 ಮೀಟರು. ಎರಡು ತೊಟ್ಟಿಗೆ 3,720. ಮೂರಕ್ಕೆ 4,400. ನಾಲ್ಕಕ್ಕೆ 4,860. ಗಮನಿಸಿ, ಎರಡನೆಯ ತೊಟ್ಟಿ ತಂದದ್ದು 1,140 ಮೀಟರು, ನಾಲ್ಕನೆಯದು ತಂದದ್ದು ಬರೀ 460. ಅಷ್ಟೇ ಇಂಧನ, ಅಷ್ಟೇ ಬೆಲೆ, ಅರ್ಧಕ್ಕಿಂತ ಕಡಿಮೆ ಫಲ. ಇನ್ನು ಅದೇ ನಾಲ್ಕು ತೊಟ್ಟಿಗಳನ್ನು ಎರಡೆರಡಾಗಿ ಬೇರ್ಪಡಿಸಿ, ಕೆಳಗಿನ ಜೋಡಿಗೆ ಅದೇ ಬಗೆಯ ಇನ್ನೊಂದು ಎಂಜಿನು ಕೊಟ್ಟು, ಖಾಲಿಯಾದೊಡನೆ ಕಳಚಿ ಬಿಸಾಡಿದರೆ? ಹೆಚ್ಚುವರಿ ಎಂಜಿನ್ನಿನ ಭಾರವನ್ನು ಹೊತ್ತೂ 5,250 ಮೀಟರು ಸಿಗುತ್ತದೆ. ಪಿಎಸ್‌ಎಲ್‌ವಿಗೆ ನಾಲ್ಕು ಹಂತಗಳಿರುವುದು ಈ ಕಾರಣಕ್ಕೆ.

ಇಲ್ಲಿ ಆಟ ನಮಗೆ ಮಾಡಿರುವ ಒಂದು ಉಪಕಾರವನ್ನು ಹೇಳಿಬಿಡಬೇಕು. ಕರ್ಬಿನ್ನಿನ ತ್ರಿಜ್ಯ 600 ಕಿಲೋಮೀಟರು ಮಾತ್ರ, ಭೂಮಿಯದು 6,371. ನೆಲದ ಮೇಲಿನ ಗುರುತ್ವ ಮಾತ್ರ ಎರಡಕ್ಕೂ ಒಂದೇ. ಹಾಗಾಗಿ ಅಲ್ಲಿ ನೆಲದಿಂದ ಕಕ್ಷೆಗೆ ಸೇರಲು ಸೆಕೆಂಡಿಗೆ ಸುಮಾರು 3,400 ಮೀಟರು ಸಾಕು. ಭೂಮಿಯಿಂದಾದರೆ, ಗಾಳಿ ಮತ್ತು ಗುರುತ್ವ ಕಸಿದುಕೊಳ್ಳುವುದೂ ಸೇರಿ 9,400ರ ಹತ್ತಿರ. ಸುಮಾರು ಮೂರು ಪಟ್ಟು ತಾನೆ ಎಂದುಕೊಂಡೀರಿ. ಸೂತ್ರಕ್ಕೆ ಹಾಕಿ ನೋಡಿ. ಅದೇ ಎಂಜಿನ್ನಿನ ಲೆಕ್ಕದಲ್ಲಿ ಕರ್ಬಿನ್ನಿನಲ್ಲಿ ಹೊರಟ 2.7 ಟನ್ನಿಗೆ ಒಂದು ಟನ್ ಉಳಿಯುತ್ತದೆ. ಭೂಮಿಯಲ್ಲಿ ಹೊರಟ 16 ಟನ್ನಿಗೆ ಒಂದು. ಆ ಒಂದು ಟನ್ನಿನೊಳಗೆ ತೊಟ್ಟಿ, ಎಂಜಿನು, ಉಪಗ್ರಹ ಎಲ್ಲವೂ ಅಡಗಬೇಕು. ಇನ್ನೂ ಕೆಲವು ರಿಯಾಯಿತಿಗಳಿವೆ. ಆಟದ ಎಂಜಿನು ಕೀಲಿ ಒತ್ತಿದೊಡನೆ ತಪ್ಪದೆ ಹೊತ್ತುತ್ತದೆ. ಒಂದು ಹೊತ್ತಿಗೆ ಒಂದೇ ಗ್ರಹದ ಸೆಳೆತವನ್ನು ಲೆಕ್ಕಕ್ಕೆ ಹಿಡಿಯಲಾಗುತ್ತದೆ. ಕೆಟ್ಟರೆ ಒಂದು ಗುಂಡಿ ಒತ್ತಿ ಹಿಂದಕ್ಕೆ ಹೋಗಿ ಮತ್ತೆ ಹಾರಿಸಬಹುದು. ಶ್ರೀಹರಿಕೋಟದಲ್ಲಿ ಅಂಥ ಗುಂಡಿ ಇಲ್ಲ. ಇಷ್ಟಾದರೂ ಇದು ಒಳ್ಳೆಯ ಆಟವೆಂದೇ ನನ್ನ ಎಣಿಕೆ. ಬದಲಿಸಿರುವುದು ಅಂಕಿಗಳನ್ನು, ನಿಯಮಗಳನ್ನಲ್ಲ.

ಕಕ್ಷೆ ಸೇರಿದ ಮೇಲೆ ಇನ್ನೊಂದು ಸೋಜಿಗ ಕಾದಿದೆ. ಕಕ್ಷೆಯ ಒಂದು ಬಿಂದುವಿನಲ್ಲಿ ವೇಗ ಹೆಚ್ಚಿಸಿದರೆ, ಎತ್ತರ ಹೆಚ್ಚುವುದು ಎದುರು ಬದಿಯಲ್ಲಿ. 2013ರ ನವೆಂಬರಿನಲ್ಲಿ ಮಂಗಳಯಾನವನ್ನು ಹೀಗೆಯೇ ಬೆಳೆಸಲಾಯಿತು. ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ಟ್ರಾಕ್ ಕೇಂದ್ರದಿಂದ ಅಪ್ಪಣೆ ಹೋಗುತ್ತಿತ್ತು. ನೌಕೆ ಪ್ರತಿಸಲ ಭೂಮಿಗೆ ಸಮೀಪ ಬಂದಾಗ ಎಂಜಿನು ಉರಿದು, ಭೂದೂರ ಬಿಂದು ಇನ್ನಷ್ಟು ಆಚೆಗೆ ಸರಿಯುತ್ತಿತ್ತು. ನಾಲ್ಕನೆಯ ಬಾರಿ ಸೆಕೆಂಡಿಗೆ 130 ಮೀಟರಿನ ಬದಲು 35 ಮೀಟರು ಮಾತ್ರ ಸೇರಿತು. ಮರುದಿನವೇ ಪೂರಕವಾಗಿ ಇನ್ನೊಮ್ಮೆ ಉರಿಸಿ ಸರಿಪಡಿಸಿದರು. ಸುರಕ್ಷಿತ ಕಕ್ಷೆಯಲ್ಲಿದ್ದ ನೌಕೆಗೆ ಎರಡನೆಯ ಅವಕಾಶವಿತ್ತು.

ಕಂಪ್ಯೂಟರ್ ಇರುವವರು ಆಡಿ ನೋಡಿ. ಇಲ್ಲದವರಿಗೆ ನೋಟ್ ಪುಸ್ತಕ, ಲಘುಗಣಕ ಕೋಷ್ಟಕ ಸಾಕು. ತೊಟ್ಟಿಯ ಲೆಕ್ಕವನ್ನು ಐದು, ಆರಕ್ಕೆ ಮುಂದುವರಿಸಿ. ಇಬ್ಬರಿಗೂ ಒಂದು ಸಮಸ್ಯೆ ಕೊಡುತ್ತೇನೆ. ಒಂದೇ ಕಕ್ಷೆಯಲ್ಲಿ ಎರಡು ನೌಕೆಗಳು ಹೋಗುತ್ತಿವೆ, ನಿಮ್ಮದು ಹತ್ತು ಕಿಲೋಮೀಟರು ಹಿಂದಿದೆ. ಮುಂದಿನದನ್ನು ಹಿಡಿಯಲು ಏನು ಮಾಡುತ್ತೀರಿ? ಬಸ್ಸಿನ ಹಿಂದೆ ಸೈಕಲ್ ತುಳಿದವರು ಜೋರಾಗಿ ಹೋಗಬೇಕೆನ್ನುತ್ತಾರೆ. 1965ರ ಜೂನ್‌ನಲ್ಲಿ ಅಮೆರಿಕದ ಜೆಮಿನಿ-4 ನೌಕೆಯಲ್ಲಿ ಜೇಮ್ಸ್ ಮ್ಯಾಕ್‌ಡಿವಿಟ್ ತಮ್ಮದೇ ರಾಕೆಟ್ಟಿನ ಖಾಲಿ ಹಂತದ ಹತ್ತಿರ ಹೋಗಲು ಅದರ ಕಡೆಗೇ ನೂಕುಬಲ ಕೊಟ್ಟರು. ಅಂತರ ಕೂಡಿಬರಲಿಲ್ಲ, ಇಂಧನ ವ್ಯರ್ಥವಾಗಿ ಪ್ರಯತ್ನ ಕೈಬಿಡಬೇಕಾಯಿತು. 2025ರ ಜನವರಿ 16ರಂದು ಇಸ್ರೋದ ಸ್ಪೇಡೆಕ್ಸ್ ಜೋಡಿ ನೌಕೆಗಳು ಬಾಹ್ಯಾಕಾಶದಲ್ಲಿ ಒಂದಕ್ಕೊಂದು ಬೆಸೆದುಕೊಂಡವು. ವೇಗ ಹೆಚ್ಚಿಸಿದರೆ ಎದುರು ಬದಿ ಮೇಲೇಳುತ್ತದೆ ಎಂದೆವಲ್ಲ. ಎತ್ತರದ ಕಕ್ಷೆ ಉದ್ದವಾದದ್ದು, ಅದನ್ನು ಸುತ್ತಲು ಹೆಚ್ಚು ಹೊತ್ತು ಬೇಕು. ಹಾಗಾದರೆ ಮುಂದಿನವನನ್ನು ಹಿಡಿಯಬೇಕಾದವನು ಮೊದಲು ಎಂಜಿನ್ನಿನ ಬಾಯನ್ನು ಯಾವ ಕಡೆಗೆ ತಿರುಗಿಸಬೇಕು?