ಆಡಿಟ್ ಮಾಡಿದ್ದೀರಿ ಸರಿ, ಫೈಲ್ ಎಲ್ಲಿ?

ಸೆಪ್ಟೆಂಬರ್ ಬಂತೆಂದರೆ ಸಿಎ ಕಚೇರಿಗಳಲ್ಲಿ ರಾತ್ರಿ ಹನ್ನೊಂದಾದರೂ ದೀಪ ಆರೋದಿಲ್ಲ. ಕಂಪನಿಗಳ ವಾರ್ಷಿಕ ಸಭೆ, ಟ್ಯಾಕ್ಸ್ ಆಡಿಟ್ ಎಲ್ಲವೂ ಒಟ್ಟೊಟ್ಟಿಗೆ. ಸಹಿ ಬಿತ್ತು, ಯುಡಿಐಎನ್ ನಂಬರ್ ಬಂತು, ವರದಿ ಹೋಯ್ತು. ಎಲ್ಲರೂ ಉಸ್ಸಪ್ಪಾ ಅಂತ ಕೂರ್ತೀವಿ. ಇವತ್ತು ನಾನು ಮಾತಾಡಬೇಕು ಅಂತಿರೋದು ಆಮೇಲೆ ಕಪಾಟಿನಲ್ಲೋ ಕಂಪ್ಯೂಟರಿನಲ್ಲೋ ಉಳಿದುಬಿಡೋ ಫೈಲಿನ ಬಗ್ಗೆ. ನಮ್ಮ ಭಾಷೇಲಿ ವರ್ಕಿಂಗ್ ಪೇಪರ್ಸ್.

ಈ ಕ್ಷೇತ್ರದವರಲ್ಲದ ಕೇಳುಗರಿಗೆ ಒಂದು ಮಾತು. ಆಡಿಟರ್ ಕೊಡೋ ವರದಿ ಹೆಚ್ಚೆಂದರೆ ನಾಲ್ಕಾರು ಪುಟ. 'ಈ ಲೆಕ್ಕಪತ್ರ ನಿಜವಾದ, ನ್ಯಾಯಯುತವಾದ ಚಿತ್ರಣ ಕೊಡುತ್ತದೆ' ಅನ್ನೋದು ಅದರ ಸಾರಾಂಶ. ಹಾಗಂತ ಹೇಳೋಕೆ ಅವರು ಏನೇನು ನೋಡಿದರು, ಯಾರನ್ನು ಕೇಳಿದರು, ಯಾವ ಬಿಲ್ ತೆಗೆಸಿದರು ಅನ್ನೋದೆಲ್ಲ ಇರೋದು ವರ್ಕಿಂಗ್ ಪೇಪರಿನಲ್ಲಿ. ಬ್ಯಾಂಕು ಸಾಲ ಕೊಡೋದು, ನೀವು ಷೇರು ಕೊಳ್ಳೋದು, ಸೊಸೈಟಿಯಲ್ಲಿ ಠೇವಣಿ ಇಡೋದು, ಇದೆಲ್ಲ ಆ ನಾಲ್ಕು ಪುಟ ನಂಬಿ. ಆ ನಾಲ್ಕು ಪುಟ ನಿಂತಿರೋದು ಈ ಫೈಲಿನ ಮೇಲೆ.

ಫೈಲ್ ಹೇಗಿರಬೇಕು ಅಂತ ನಮ್ಮಲ್ಲಿ ಒಂದು ಮಾನದಂಡವೇ ಇದೆ, ಎಸ್‌ಎ 230. ಅದರ ತಿರುಳು ಒಂದೇ ಪ್ರಶ್ನೆ. ಈ ಆಡಿಟ್‌ಗೂ ತನಗೂ ಸಂಬಂಧವೇ ಇಲ್ಲದ ಒಬ್ಬ ಅನುಭವಿ ಆಡಿಟರ್ ಬಂದು ಫೈಲ್ ತೆಗೆದರೆ, ಯಾರನ್ನೂ ಏನೂ ಕೇಳದೆ ಅವರಿಗೆ ಅರ್ಥವಾಗುತ್ತಾ? ಏನು ಕೆಲಸ ಮಾಡಿದಿರಿ, ಯಾವಾಗ, ಎಷ್ಟು, ಏನು ಸಿಕ್ಕಿತು, ಕೊನೆಗೆ ಏನು ತೀರ್ಮಾನಕ್ಕೆ ಬಂದಿರಿ, ಯಾಕೆ? ಯಾರು ಮಾಡಿದರು, ಯಾರು ಪರಿಶೀಲಿಸಿದರು, ಎರಡಕ್ಕೂ ತಾರೀಕು ಬೇಕು. 'ಅದನ್ನ ನಾನು ಬಾಯಲ್ಲಿ ವಿವರಿಸ್ತೀನಿ ಸರ್' ಅಂದರೆ ನಡೆಯೋದಿಲ್ಲ. ಬಾಯಿಮಾತಿನ ವಿವರಣೆ ಫೈಲಿನಲ್ಲಿರೋದನ್ನ ಸ್ಪಷ್ಟಪಡಿಸಬಹುದು, ಇಲ್ಲದ್ದನ್ನ ತುಂಬೋಕಾಗಲ್ಲ.

ನಾನು ಪೀರ್ ರಿವ್ಯೂಗೆ ಹೋದ ಕಡೆ ಪದೇಪದೇ ನೋಡೋ ಒಂದು ಸಾಲು ಇದೆ: 'ಖರೀದಿ ವೋಚರ್ ಪರಿಶೀಲಿಸಲಾಯಿತು, ಸರಿಯಿದೆ.' ಪಕ್ಕದಲ್ಲಿ ಒಂದು ಹಸಿರು ಟಿಕ್. ಎಷ್ಟು ವೋಚರ್? ಯಾವುವು? ಆ ಟಿಕ್‌ಗೆ ಅರ್ಥ ಏನು? ಮೊತ್ತ ನೋಡಿದಿರಾ, ಜಿಎಸ್‌ಟಿ ನೋಡಿದಿರಾ, ಮಾಲು ಬಂದದ್ದಕ್ಕೆ ರಸೀದಿ ನೋಡಿದಿರಾ? ಕೆಲಸ ನಿಜವಾಗಲೂ ಆಗಿರಬಹುದು. ಆದರೆ ಮಾಡಿದವರಿಗೂ ಮಾಡದವರಿಗೂ ಆ ಸಾಲಿನಲ್ಲಿ ವ್ಯತ್ಯಾಸವೇ ಗೊತ್ತಾಗಲ್ಲ.

ಅದನ್ನೇ ಹೀಗೆ ಬರೆಯಿರಿ. ಉದಾಹರಣೆಗೆ ಒಂದು ಅಕ್ಕಿ ಗಿರಣಿ ಅಂದುಕೊಳ್ಳಿ. 'ವರ್ಷದಲ್ಲಿ 5 ಲಕ್ಷ ಮೀರಿದ ಖರೀದಿ ಒಟ್ಟು 37, ಎಲ್ಲವನ್ನೂ ನೋಡಿದೆ. ಬಿಲ್ ನಂಬರ್ ಪಟ್ಟಿ ಇದೆ. ಪ್ರತಿ ಬಿಲ್ಲನ್ನೂ ತೂಕದ ಚೀಟಿ, ಗೋಡೌನ್ ರಸೀದಿ ಜೊತೆ ಹೋಲಿಸಿದೆ. ಮೂರಕ್ಕೆ ತೂಕದ ಚೀಟಿ ಇರಲಿಲ್ಲ. ಅಕೌಂಟೆಂಟ್‌ರನ್ನ ಇಂಥ ದಿನ ಕೇಳಿದೆ, ಕಾಟಾ ಕೆಟ್ಟಿತ್ತು ಅಂದರು. ರಿಪೇರಿ ಬಿಲ್ ನೋಡಿದೆ, ದಿನಾಂಕ ತಾಳೆಯಾಗುತ್ತೆ. ಪೂರೈಕೆದಾರರಿಗೆ ಹಣ ಹೋದದ್ದನ್ನ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ನೋಡಿದೆ.' ಇಷ್ಟೇ. ಹತ್ತು ನಿಮಿಷದ ಬರವಣಿಗೆ. ಇನ್ನೊಂದು ಲಾಭ ನೋಡಿ, ಹೀಗೆ ಬರೀತಾ ಹೋದಾಗಲೇ 'ಅರೆ, ಇದನ್ನ ಕೇಳಲೇ ಇಲ್ಲವಲ್ಲ' ಅಂತ ಹೊಳೆಯೋದು. ಬರವಣಿಗೆ ಕೂಡ ಆಡಿಟ್‌ನ ಭಾಗವೇ.

ಬರೆಯೋದರ ಜೊತೆಗೆ ಆ ಕಾಗದ ನಮ್ಮ ಕೈಗೆ ಎಲ್ಲಿಂದ ಬಂತು ಅನ್ನೋದೂ ಮುಖ್ಯ. ಸತ್ಯಂ ಕಂಪ್ಯೂಟರ್ಸ್ ಪ್ರಕರಣ ನೆನಪಿದೆಯಲ್ಲ. 2009ರ ಜನವರಿ 7ರಂದು ರಾಮಲಿಂಗರಾಜು ಪತ್ರ ಬರೆದು ಒಪ್ಪಿಕೊಂಡರು. ಪುಸ್ತಕದಲ್ಲಿದ್ದ 5,361 ಕೋಟಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇರಲೇ ಇಲ್ಲ! ಬ್ಯಾಂಕಿನಲ್ಲಿ ಹಣ ಇದೆಯಾ ಅಂತ ನೋಡೋದು ಆಡಿಟ್‌ನಲ್ಲಿ ಅತಿ ಸುಲಭದ ಕೆಲಸ ಅಂತ ನಾವೆಲ್ಲ ಅಂದುಕೊಂಡಿರ್ತೀವಿ. ಅಮೆರಿಕದ ಎಸ್‌ಇಸಿ 2011ರಲ್ಲಿ ಆಡಿಟ್ ಸಂಸ್ಥೆಯ ಮೇಲೆ ಹೊರಿಸಿದ ಆರೋಪಗಳಲ್ಲಿ ಮುಖ್ಯವಾದದ್ದು ಇದೇ: ಬ್ಯಾಂಕಿನ ದೃಢೀಕರಣ ಪತ್ರ ಕಳಿಸೋದು, ತರಿಸಿಕೊಳ್ಳೋದು ಆಡಿಟರ್‌ಗಳ ಹಿಡಿತದಲ್ಲಿ ಇರಲಿಲ್ಲ.

ಹಾಗಾಗಿ ಫೈಲಿನಲ್ಲಿ ಬ್ಯಾಂಕಿನ ಪತ್ರ ಇದ್ದರೆ ಸಾಲದು. ಅದನ್ನ ನಾವೇ ಕಳಿಸಿದ್ವಾ? ಉತ್ತರ ನೇರ ನಮ್ಮ ಕಚೇರಿಗೇ ಬಂತಾ? ಯಾವ ಇಮೇಲ್ ವಿಳಾಸದಿಂದ ಬಂತು? ಲಕೋಟೆ, ಇಮೇಲ್ ಎರಡನ್ನೂ ಪತ್ರದ ಜೊತೆಗೇ ಇಡಿ. ಕಂಪನಿಯ ಕ್ಯಾಷಿಯರ್ ತಂದುಕೊಟ್ಟ ಪತ್ರಕ್ಕೂ ಬ್ಯಾಂಕಿನಿಂದ ನೇರ ಬಂದ ಪತ್ರಕ್ಕೂ ಅಜಗಜಾಂತರ.

ಇನ್ನು ಕಾಪಾಡೋ ವಿಷಯ. ಎನ್ರಾನ್ ಕಂಪನಿಯ ಆಡಿಟರ್ ಆಗಿದ್ದ ಆರ್ಥರ್ ಆಂಡರ್ಸನ್ ಜಗತ್ತಿನ ಐದು ದೊಡ್ಡ ಸಂಸ್ಥೆಗಳಲ್ಲಿ ಒಂದು. 2001ರ ಅಕ್ಟೋಬರ್‌ನಲ್ಲಿ, ಎನ್ರಾನ್ ಮೇಲೆ ತನಿಖೆ ಶುರುವಾಗೋ ಹೊತ್ತಿಗೆ, ಅದರ ಹೂಸ್ಟನ್ ಕಚೇರಿಯಲ್ಲಿ ರಾಶಿರಾಶಿ ಕಾಗದ ಯಂತ್ರಕ್ಕೆ ಹಾಕಿ ಚೂರು ಮಾಡಿದರು. 2002ರಲ್ಲಿ ಅಪರಾಧಿ ಅಂತ ತೀರ್ಪಾಯಿತು. 2005ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಜ್ಯೂರಿಗೆ ಕೊಟ್ಟ ಸೂಚನೆ ಸರಿಯಿರಲಿಲ್ಲ ಅಂತ ಆ ತೀರ್ಪನ್ನ ರದ್ದು ಮಾಡಿತು. ಅಷ್ಟರಲ್ಲಿ ಸಂಸ್ಥೆಯೇ ಇರಲಿಲ್ಲ. ಕ್ಲೈಂಟ್‌ಗಳು ಹೋದರು, ಆ ಫೈಲನ್ನ ಕಣ್ಣಲ್ಲೂ ನೋಡದ ಸಾವಿರಾರು ಜನರ ಕೆಲಸ ಹೋಯ್ತು.

ನಮ್ಮಲ್ಲಿ ನಿಯಮ ಹೀಗಿದೆ. ವರದಿಗೆ ಸಹಿ ಹಾಕಿದ ದಿನದಿಂದ ಸಾಮಾನ್ಯವಾಗಿ 60 ದಿನದೊಳಗೆ ಫೈಲ್ ಜೋಡಿಸಿ ಮುಚ್ಚಬೇಕು. ಈ 60 ದಿನ ಉಳಿದುಹೋದ ಆಡಿಟ್ ಮುಗಿಸೋಕೆ ಅಲ್ಲ. ಹಳೇ ಕರಡು ತೆಗೆಯೋದು, ಕ್ರಮವಾಗಿ ಜೋಡಿಸೋದು, ಒಂದು ಪುಟಕ್ಕೂ ಇನ್ನೊಂದಕ್ಕೂ ಕೊಂಡಿ ಹಾಕೋದು, ಇಷ್ಟಕ್ಕೆ ಮಾತ್ರ. ಮುಚ್ಚಿದ ಮೇಲೆ ಅವಧಿ ಮುಗಿಯೋವರೆಗೆ ಒಂದು ಹಾಳೆಯನ್ನೂ ತೆಗೆಯೋ ಹಾಗಿಲ್ಲ. ಆ ಅವಧಿ ವರದಿಯ ದಿನಾಂಕದಿಂದ ಕನಿಷ್ಠ ಏಳು ವರ್ಷ. ಏನಾದರೂ ಸೇರಿಸಲೇಬೇಕಾದರೆ ಯಾಕೆ ಸೇರಿಸಿದೆ, ಯಾವಾಗ, ಯಾರು ಅಂತ ಬರೆದೇ ಸೇರಿಸಬೇಕು.

ನೋಟಿಸ್ ಬಂದ ಮೇಲೆ ಹಳೇ ತಾರೀಕು ಹಾಕಿ ಪೇಪರ್ ಸೃಷ್ಟಿಸೋ ಯೋಚನೆ ಯಾರಿಗಾದರೂ ಬಂದರೆ ದಯವಿಟ್ಟು ಬಿಟ್ಟುಬಿಡಿ. ಎಕ್ಸೆಲ್ ಫೈಲ್ ತಾನು ಹುಟ್ಟಿದ ದಿನವನ್ನ ತಾನೇ ಹೇಳಿಬಿಡುತ್ತೆ. ಕೆಲಸದಲ್ಲಿ ಕೊರತೆ ಇದ್ದರೆ ಅದು ಕೊರತೆ. ಸುಳ್ಳು ತಾರೀಕು ಹಾಕಿದರೆ ಅದು ವಂಚನೆ. ಪಟ್ಟಿಯಲ್ಲಿರೋ ಕಂಪನಿಗಳು, ದೊಡ್ಡ ಕಂಪನಿಗಳ ಆಡಿಟ್ ಮೇಲೆ ಕಣ್ಣಿಡೋಕೆ 2018ರಿಂದ ಎನ್‌ಎಫ್‌ಆರ್‌ಎ ಇದೆ. ವೃತ್ತಿಲೋಪ ಸಾಬೀತಾದರೆ ದಂಡದ ಜೊತೆಗೆ ಆರು ತಿಂಗಳಿಂದ ಹತ್ತು ವರ್ಷದವರೆಗೆ ಆಡಿಟ್ ಮಾಡದಂತೆ ತಡೆಯೋ ಅಧಿಕಾರ ಅದಕ್ಕಿದೆ. ಹತ್ತು ವರ್ಷ ಅಂದರೆ ಒಬ್ಬರ ವೃತ್ತಿಯೇ ಮುಗಿದ ಹಾಗೆ.

ನಮ್ಮ ಊರಿನ ಸಣ್ಣ ಕಚೇರಿಗಳಿಗೆ ಎರಡು ಮೂರು ಮಾತು. ಈಗ ಅರ್ಧ ದಾಖಲೆ ಬರೋದೇ ವಾಟ್ಸಾಪ್‌ನಲ್ಲಿ. ಮಾಲೀಕರು ಒಂದು ಫೋಟೋ ಕಳಿಸ್ತಾರೆ, ಆರ್ಟಿಕಲ್ ಹುಡುಗಿ ತನ್ನ ಫೋನಿನಲ್ಲೇ ನೋಡಿ ಟಿಕ್ ಹಾಕ್ತಾಳೆ. ಆರ್ಟಿಕಲ್‌ಷಿಪ್ ಈಗ ಎರಡೇ ವರ್ಷ. ಫೈಲ್ ಏಳು ವರ್ಷ ಬದುಕಬೇಕು. ಆಕೆ ಹೋದಾಗ ಫೋನೂ ಹೋಗುತ್ತೆ. ಅದಕ್ಕೇ ಬಂದ ದಿನವೇ ಅದನ್ನ ಕಚೇರಿಯ ಫೋಲ್ಡರಿಗೆ ಹಾಕಿ, ಯಾರಿಂದ ಯಾವತ್ತು ಬಂತು ಅಂತ ಬರೆದಿಡಿ. ಬ್ಯಾಕಪ್ ಒಂದು ಕಡೆ ಸಾಲದು. ವರ್ಷಕ್ಕೊಮ್ಮೆ ಅದನ್ನ ತೆರೆದೂ ನೋಡಿ.

ಹಾಗಂತ ಕ್ಲೈಂಟಿನ ಇಡೀ ಲೆಡ್ಜರ್ ಜೆರಾಕ್ಸ್ ಮಾಡಿ ತುಂಬಬೇಡಿ. ದಪ್ಪ ಫೈಲ್ ಒಳ್ಳೇ ಫೈಲ್ ಅಲ್ಲ. ವರ್ಷವರ್ಷವೂ ಬೇಕಾಗೋ ಸಾಲದ ಕರಾರು, ಕಂಪನಿಯ ನಿಯಮಾವಳಿ ಒಂದು ಖಾಯಂ ಫೈಲಿನಲ್ಲಿರಲಿ. ಆ ವರ್ಷದ ಕೆಲಸ ಬೇರೆ ಇರಲಿ. ಇನ್ನೊಂದು, ಈ ಪೇಪರ್ಸ್ ಆಡಿಟರ್ ಸ್ವತ್ತು, ಆದರೆ ಅದರೊಳಗಿರೋದು ಕ್ಲೈಂಟಿನ ಗುಟ್ಟು. ಹಳೇ ಹಾಳೆಯ ಹಿಂಭಾಗ ಚೀಟಿ ಬರೆಯೋಕೆ ಬಳಸೋದು, ರದ್ದಿಗೆ ಹಾಕೋದು ಬೇಡ.

ಕೊನೆಯದಾಗಿ ಒಂದು ಕೆಲಸ ಹೇಳ್ತೀನಿ. ಹೋದ ವರ್ಷದ ಒಂದು ಫೈಲ್ ತೆಗೆದು, ಆ ಆಡಿಟ್‌ಗೆ ಹೋಗಿರದ ನಿಮ್ಮ ಕಚೇರಿಯ ಯಾರಿಗಾದರೂ ಕೊಡಿ. ಒಂದು ಗಂಟೆ ಅವರ ಪಾಡಿಗೆ ಬಿಡಿ, ನೀವು ಬಾಯಿ ಬಿಡಬೇಡಿ. ಆಮೇಲೆ ಅವರು ಕೇಳೋ ಪ್ರಶ್ನೆಗಳನ್ನ ಬರೆದುಕೊಳ್ಳಿ. ಈ ವರ್ಷದ ಫೈಲಿನಲ್ಲಿ ಆ ಪ್ರಶ್ನೆಗಳಿಗೆ ಉತ್ತರ ಇರಲಿ.